ಮನೆಯಲ್ಲಿರುವವರಿಗೆ

ದಾವಣಗೆರೆ
14 ಜೂನ್ 2024

ನಿರ್ಮಲಾ,

ಈ ಪತ್ರವನ್ನು ಹರಿಹರಕ್ಕೆ, ನಿನ್ನ ತಮ್ಮ ಮಹಾಂತೇಶನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಅಲ್ಲಿರಬಹುದು ಎಂಬುದು ನನ್ನ ಊಹೆ. ಬೇರೆಲ್ಲಿಗೆ ಹೋಗುತ್ತೀಯ?

ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಯಿತು. ಏಪ್ರಿಲ್‌ನಲ್ಲಿ ಪಿ.ಬಿ. ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದದ್ದು ನನಗೆ ನೆನಪಿಲ್ಲ. ಹನ್ನೊಂದು ದಿನ ಎಚ್ಚರವೇ ಇರಲಿಲ್ಲವೆಂದು ಸ್ನೇಹಾ ಹೇಳಿದಳು. ಈಗ ತಲೆಯ ಹೊಲಿಗೆ ಒಣಗಿದೆ, ಊಟ ಸೇರುತ್ತದೆ. ದಿನ ಬಿಟ್ಟು ದಿನ ಮಂಡಿಪೇಟೆಯ ಅಂಗಡಿಗೆ ಹೋಗಿ ಕೂಡುತ್ತೇನೆ. ಕನ್ನಡಕಕ್ಕೆ ಗಾಜು ಕೂರಿಸುವ ಕೆಲಸವನ್ನೆಲ್ಲ ಅಶ್ಫಾಕ್ ನೋಡಿಕೊಳ್ಳುತ್ತಾನೆ.

ನಿನಗೆ ತಿಳಿಸಬೇಕಾದದ್ದು ಬೇರೆ ಇದೆ. ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಸೇರಿಕೊಂಡಿದ್ದಾಳೆ. ನಿನ್ನ ಸೀರೆ ಉಡುತ್ತಾಳೆ. ಎಡಗಿವಿಯ ಕೆಳಗೆ ನಿನಗಿರುವಂಥದೇ ಮಚ್ಚೆ. ನಿನ್ನ ಹಾಗೆಯೇ ಬಲಗಾಲು ಮೊದಲಿಟ್ಟು ಮೆಟ್ಟಿಲಿಳಿಯುತ್ತಾಳೆ. ಸ್ನೇಹಾ ಅವಳನ್ನು ಅಮ್ಮ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ನಾನೂ ನೀನೇ ಎಂದುಕೊಂಡೆ. ನೋಡುತ್ತ ಹೋದ ಹಾಗೆ ಎದೆಯಲ್ಲಿ ಏನೂ ಆಗಲಿಲ್ಲ. ಬಸ್ಸಿನಲ್ಲಿ ಎದುರು ಕೂತ ಯಾರನ್ನೋ ನೋಡಿದಂತಾಯಿತು. ಆಗಲೇ ಗೊತ್ತಾಯಿತು, ಇವಳು ಬೇರೆ.

ನನ್ನ ಕಣ್ಣು ಕೆಟ್ಟಿರಬೇಕು ಎಂದೂ ಯೋಚಿಸಿದೆ. ಅಶ್ಫಾಕನನ್ನು ನಿಲ್ಲಿಸಿ ಎರಡು ಕಣ್ಣೂ ಪರೀಕ್ಷೆ ಮಾಡಿಸಿಕೊಂಡೆ. ಗೋಡೆಯ ಪಟ್ಟಿಯ ಕೊನೆಯ ಸಾಲನ್ನೂ ತಡವರಿಸದೆ ಓದಿದೆ. ಮೂವತ್ತು ವರ್ಷ ಊರಿನ ಕಣ್ಣುಗಳನ್ನೆಲ್ಲ ನೋಡಿದವನು ನಾನು. ನನ್ನ ಕಣ್ಣಿನಲ್ಲಿ ದೋಷವಿಲ್ಲ.

ಫೋನ್ ಮಾಡಬೇಡ, ನಿನ್ನ ಫೋನು ಅವಳ ಕೈಯಲ್ಲಿದೆ. ನಿನ್ನ ಕೈಯಾರೆ ನಾಲ್ಕು ಸಾಲು ಬರೆ. ಆ ಅಕ್ಷರ ಯಾರಿಗೂ ಬಾರದು.

ನಿನ್ನ
ಬಕ್ಕೇಶ್

*

ದಾವಣಗೆರೆ
19 ಜೂನ್ 2024

ಯಜಮಾನರಿಗೆ ನಿರ್ಮಲಾ ಮಾಡುವ ಶರಣು ಶರಣಾರ್ಥಿಗಳು.

ನಿಮ್ಮ ಪತ್ರವನ್ನು ಮಹಾಂತೇಶ ನಿನ್ನೆ ಹರಿಹರದಿಂದ ತಂದುಕೊಟ್ಟ. ಅಡುಗೆಮನೆಯಲ್ಲಿ ನಿಂತು ಓದಿದೆ. ನೀವು ಆಗ ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದಿರಿ. ನಮ್ಮಿಬ್ಬರ ನಡುವೆ ಒಂದು ಗೋಡೆ ಇತ್ತು.

ಎದುರು ನಿಂತು ಹೇಳಿದರೆ ನೀವು ಮುಖ ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಎಲ್ಲೂ ಹೋಗಿಲ್ಲ. ಬೆಳಿಗ್ಗೆ ನಿಮಗೆ ಕಾಫಿ ಕೊಟ್ಟವಳು, ನಿಮ್ಮ ತಲೆಯ ಗಾಯಕ್ಕೆ ಮುಲಾಮು ಹಚ್ಚಲು ಬಂದು ಬೈಸಿಕೊಂಡವಳು ನಾನೇ.

ಮೆದುಳಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕಣ್ಣು ಬರೀ ಬೆಳಕನ್ನು ಒಳಗೆ ಬಿಡುವ ಕಿಂಡಿಯಂತೆ. ಕಾಣುವ ಕೆಲಸ ಒಳಗೆ ನಡೆಯುವುದಂತೆ. ಈ ಮುಖ ಯಾರದೆಂದು ಗುರುತಿಸುವುದು ಮೆದುಳಿನ ಒಂದು ಕಡೆ, ಆ ಮುಖ ಕಂಡಾಗ ‘ನಮ್ಮವರು’ ಎಂದು ಮೈಗೆಲ್ಲ ತಿಳಿಸುವುದು ಇನ್ನೊಂದು ಕಡೆ. ಬಿದ್ದ ಪೆಟ್ಟಿಗೆ ಆ ಎರಡರ ನಡುವಿನ ದಾರಿ ಕಡಿದಿದೆ. ಮುಖ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ಏನೂ ಆಗುವುದಿಲ್ಲ. ಆಗ ಮೆದುಳು ಸುಮ್ಮನಿರದೆ, ಇವರು ಬೇರೆಯವರು ಎಂದು ತಾನೇ ಒಂದು ಕಥೆ ಕಟ್ಟುತ್ತದೆ. ಅತಿ ಹತ್ತಿರದವರ ವಿಷಯದಲ್ಲೇ ಹೀಗಾಗುವುದು ಹೆಚ್ಚಂತೆ. ಯಾಕೆಂದು ಅವರಿಗೂ ಪೂರ್ತಿ ಗೊತ್ತಿಲ್ಲವಂತೆ.

ಅಂಗಡಿಗೆ ಬಂದ ಮಕ್ಕಳಿಗೆ ನೀವು ಒಂದು ಬಿಳಿ ರಟ್ಟು ತೋರಿಸುತ್ತಿದ್ದಿರಲ್ಲ. ಅದರ ಮೇಲೆ ಒಂದು ಗುಣಿಸುವ ಗುರುತು, ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಗುರುತನ್ನೇ ನೋಡುತ್ತ ರಟ್ಟನ್ನು ಹತ್ತಿರ ತಂದರೆ ಚುಕ್ಕೆ ಮಾಯ. ಅಲ್ಲಿ ತೂತು ಕಾಣುವುದಿಲ್ಲ, ಬಿಳಿ ರಟ್ಟೇ ಕಾಣುತ್ತದೆ. ಕಣ್ಣಿನೊಳಗೆ ಎಲ್ಲರಿಗೂ ಅಂಥ ಒಂದು ಕುರುಡು ಜಾಗ ಐತಿ, ಮೆದುಳು ಅದಕ್ಕೆ ತೇಪೆ ಹಾಕಿಬಿಡತೈತಿ ಎಂದು ನೀವೇ ಹೇಳುತ್ತಿದ್ದಿರಿ. “ಕಾಣದೇ ಇರೋದು ಕಾಣಂಗಿಲ್ಲ ನೋಡ್ರಿ, ಅದೇ ಮೋಸ” ಎಂದು ನಗುತ್ತಿದ್ದಿರಿ. ಈಗ ನಿಮಗೆ ಆಗಿರುವುದೂ ಅಂಥದೇ.

ಇಪ್ಪತ್ತಾರು ವರ್ಷ ನನ್ನನ್ನು ‘ನೀನು’ ಎಂದವರು ಈಗ ‘ಕೂಡ್ರಿ’, ‘ಬ್ಯಾಡ್ರಿ’ ಎನ್ನುತ್ತೀರಿ. ಬೈದರೆ ತಡೆದುಕೊಳ್ಳುತ್ತೇನೆ. ಆ ಮರ್ಯಾದೆಯನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ನಿಮ್ಮ
ನಿರ್ಮಲಾ

*

ದಾವಣಗೆರೆ
24 ಜೂನ್ 2024

ನಿರ್ಮಲಾ,

ಅಕ್ಷರ ನಿನ್ನದು. ಮಾತು ನಿನ್ನದಲ್ಲ. ಪಕ್ಕದಲ್ಲಿ ನಿಂತು ಯಾರೋ ಬರೆಸಿದ್ದಾರೆ. ಮೆದುಳು, ದಾರಿ, ಕಥೆ ಎಂದೆಲ್ಲ ನೀನು ಯಾವತ್ತು ಮಾತಾಡಿದ್ದೆ? ರಟ್ಟಿನ ವಿಷಯ ಯಾರು ಬೇಕಾದರೂ ಅಶ್ಫಾಕನ ಬಾಯಿಂದ ತಿಳಿಯಬಹುದು. ಅಲ್ಲಿ ಕಳೆದುಹೋಗುವುದು ಒಂದು ಚುಕ್ಕೆ. ಕಟ್ಟಿಕೊಂಡ ಹೆಂಡತಿ ಹಾಗೆ ಕಳೆದುಹೋಗುತ್ತಾಳೆಯೇ?

ಪತ್ರದ ಮೇಲೆ ದಾವಣಗೆರೆ ಎಂದು ಬರೆದಿದ್ದೀಯ. ಹಾಗಾದರೆ ನಿನ್ನನ್ನು ಇದೇ ಊರಿನಲ್ಲಿ ಎಲ್ಲೋ ಇಟ್ಟಿದ್ದಾರೆ. ಸುಳಿವು ಕೊಟ್ಟದ್ದು ಒಳ್ಳೆಯದಾಯಿತು. ಈ ಪತ್ರವನ್ನೂ ಮಹಾಂತೇಶನ ವಿಳಾಸಕ್ಕೇ ಹಾಕುತ್ತೇನೆ, ಅವನು ತಲುಪಿಸಲಿ.

ಶುಕ್ರವಾರ ಪೊಲೀಸ್ ಠಾಣೆಗೆ ಹೋಗಿದ್ದೆ. ಅಲ್ಲಿದ್ದವರು ಕೂರಿಸಿ ನೀರು ಕೊಟ್ಟು ಎಲ್ಲ ಕೇಳಿಸಿಕೊಂಡರು. ಆಮೇಲೆ ಸ್ನೇಹಾಳಿಗೆ ಫೋನ್ ಮಾಡಿದರು. ಅವಳ ಜೊತೆ ಆ ಹೆಂಗಸೂ ಬಂದಳು. ಆಧಾರ್ ಕಾರ್ಡ್ ತೋರಿಸಿದಳು, ಅದರಲ್ಲಿ ನಿನ್ನ ಫೋಟೋ. ಸಾಹೇಬರು ಕಾರ್ಡನ್ನೂ ಅವಳ ಮುಖವನ್ನೂ ನೋಡಿ, “ನಿಮ್ಮ ಮನೆಯವರೇ ಅದಾರಲ್ರಿ, ಕರ್ಕೊಂಡ್ ಹೋಗ್ರಿ” ಎಂದರು. ಎಲ್ಲರೂ ಕಣ್ಣಿನಿಂದಷ್ಟೇ ನೋಡುತ್ತಾರೆ, ನಿರ್ಮಲಾ.

ನಿನ್ನನ್ನು ಎಲ್ಲಿಟ್ಟಿದ್ದಾಳೆಂದು ಅವಳನ್ನೇ ಕೇಳುತ್ತೇನೆ. ಭಾನುವಾರದವರೆಗೆ ಒಳ್ಳೆಯ ಮಾತಿನಲ್ಲಿ. ನೀನು ಹೆದರಬೇಡ.

ಬಕ್ಕೇಶ್

*

ಹರಿಹರ
3 ಜುಲೈ 2024

ಯಜಮಾನರಿಗೆ ಶರಣು.

ನೀವು ಹೇಳಿದ್ದೇ ಸರಿ. ಹಿಂದಿನ ಪತ್ರದ ಮಾತುಗಳು ನನ್ನವಲ್ಲ. ಅದನ್ನು ಹರಿದುಹಾಕಿ.

ನಾನು ಹರಿಹರದಲ್ಲೇ ಇದ್ದೇನೆ. ನನ್ನನ್ನು ಯಾರೂ ಕೂಡಿಹಾಕಿಲ್ಲ. ನಮ್ಮವ್ವನಿಗೆ ಮಂಡಿನೋವು ಹೆಚ್ಚಾಗಿ ಏಳಲಾಗುತ್ತಿಲ್ಲ. ನೋಡಿಕೊಳ್ಳಲು ಬಂದವಳು ಉಳಿದುಬಿಟ್ಟೆ. ನಮ್ಮ ಮನೆಯಲ್ಲಿರುವ ಆ ಹೆಂಗಸನ್ನು ಕಳಿಸಿದವಳು ನಾನೇ. ನಮ್ಮವ್ವನ ಕಡೆಯ ಸಂಬಂಧ, ಅದಕ್ಕೇ ನನ್ನ ಹೋಲಿಕೆ. ನೀವು ಹುಷಾರಿಲ್ಲದವರು ಗಾಬರಿಯಾಗಬಾರದೆಂದು ನಾನೇ ಅವಳಿಗೆ ನನ್ನ ಸೀರೆ ಉಡಲು ಹೇಳಿದ್ದೆ. ಮೊದಲೇ ತಿಳಿಸದೆ ಇದ್ದದ್ದು ತಪ್ಪು.

ಭಾನುವಾರ ನಡೆದದ್ದನ್ನು ಸ್ನೇಹಾ ಹೇಳಿದಳು. ನಿರ್ಮಲಾ ಎಲ್ಲಿ ಎಂದು ಕೇಳುತ್ತ ನೀವು ಅವಳ ಕೈ ತಿರುಚಿ ಬಾಗಿಲ ಚೌಕಟ್ಟಿಗೆ ಬಡಿದಿರಂತೆ. ಎಡಗೈ ಮಣಿಕಟ್ಟು ಮುರಿದಿದೆ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಆಸ್ಪತ್ರೆಯಲ್ಲಿ ಬರೆಸಿದ್ದಾಳೆ. ನಿಮ್ಮ ಹೆಸರು ಎತ್ತಿಲ್ಲ. ಈಗ ಅವಳೂ ಇಲ್ಲೇ ಹರಿಹರದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಳೆ.

ನೀವು ಯಾರ ಮೇಲೂ ಕೈ ಮಾಡಿದವರಲ್ಲ. ಅವಳ ಮೇಲೆ ಇನ್ನೊಮ್ಮೆ ಕೈ ಎತ್ತುವುದಿಲ್ಲವೆಂದು ನನಗೆ ಬರೆದು ಕೊಡಿ. ನನಗೋಸ್ಕರ. ಅವಳು ಕೆಟ್ಟವಳಲ್ಲ.

ಬರೆಯುವಾಗ ಹಾಳೆ ಸರಿಯುತ್ತಿದೆ. ಸಾಲು ಸೊಟ್ಟಗಾಗಿದ್ದರೆ ಮನ್ನಿಸಿ.

ನಿರ್ಮಲಾ

*

ದಾವಣಗೆರೆ
8 ಜುಲೈ 2024

ನಿರ್ಮಲಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಓದಿ ಅತ್ತೆ. ಅಶ್ಫಾಕ್ ಶಟರ್ ಅರ್ಧ ಎಳೆದು ನನ್ನನ್ನು ಒಳಗೆ ಕೂರಿಸಿದ. ಬದುಕಿದ್ದೀಯಲ್ಲ, ಅಷ್ಟು ಸಾಕು.

ಆ ಹೆಂಗಸಿನ ವಿಷಯದಲ್ಲಿ ನಾನು ಮಾಡಿದ್ದು ಪಾಪ. ಕೈಯೊಳಗೆ ಏನೋ ಲಟಕ್ ಎಂದದ್ದು ನನಗೆ ಕೇಳಿಸಿತ್ತು. ಆದರೂ ಬಿಡಲಿಲ್ಲ. ಅವಳು ಒಂದು ಸಲವೂ ಕಿರುಚಲಿಲ್ಲ, “ಸ್ನೇಹಾ ಎದ್ದಾಳು” ಎಂದಳು ಅಷ್ಟೇ. ನಿನ್ನ ಮೇಲೆ ಆಣೆ, ಇನ್ನು ಯಾವ ಹೆಣ್ಣಿನ ಮೇಲೂ ಕೈ ಎತ್ತುವುದಿಲ್ಲ.

ಸ್ನೇಹಾ ಅಡುಗೆ ಮಾಡಿಟ್ಟು ಕಾಲೇಜಿಗೆ ಹೋಗುತ್ತಾಳೆ. ನನ್ನ ಜೊತೆ ಮಾತಿಲ್ಲ.

ಅವ್ವನನ್ನು ಒಂದು ದಿನ ಮಹಾಂತೇಶ ನೋಡಿಕೊಳ್ಳಲಿ. ಮುಂದಿನ ಭಾನುವಾರ ಬಾ. ಹತ್ತು ಗಂಟೆಯಿಂದ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಹರಿಹರದಿಂದ ಯಾವ ಬಸ್ಸಿಗೆ ಬಂದರೂ ಸರಿ.

ಬಕ್ಕೇಶ್

*

ದಾವಣಗೆರೆ
15 ಜುಲೈ 2024

ನಿರ್ಮಲಾ,

ನಿನ್ನೆ ನೀನು ಬರಲಿಲ್ಲ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂಬತ್ತೂವರೆಗೇ ನಿಂತಿದ್ದೆ. ಮೂರನೇ ಬಸ್ಸಿನಲ್ಲಿ ಆಕೆ ಇಳಿದಳು. ಕೈಗೆ ಬಿಳಿ ಕಟ್ಟು, ಕೊರಳಿಗೆ ಜೋಲಿ. ನನ್ನನ್ನು ನೋಡಿ ನಗುತ್ತ ಬಂದಳು. ನಾನು ಆಕೆಯ ಹಿಂದೆ ಬಸ್ಸಿನ ಬಾಗಿಲು ನೋಡುತ್ತಿದ್ದೆ. ಎಲ್ಲರೂ ಇಳಿದರು. ಕಂಡಕ್ಟರನೂ ಇಳಿದ.

“ನಿರ್ಮಲಾ ಬರ್ಲಿಲ್ಲೇನ್ರಿ?” ಎಂದು ಕೇಳಿದೆ.

ಆಕೆಯ ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿಯಿತು. ಆಮೇಲೆ, “ಇಲ್ರಿ, ಬರ್ಲಿಲ್ಲ” ಎಂದಳು.

ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತು ಬಹಳ ಅತ್ತಳು. ಕೈ ನೋಯುತ್ತಿರಬೇಕು. ನಾನು ಕ್ಷಮೆ ಕೇಳಿದೆ, ಚಹಾ ತಂದುಕೊಟ್ಟೆ, ಚೀಲ ಹೊತ್ತುಕೊಂಡೆ. ನೀನು ಕಳಿಸಿದವಳು ಎಂದು ಮನೆಗೆ ಕರೆದುಕೊಂಡು ಬಂದಿದ್ದೇನೆ. ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದೇನೆ.

ಆಕೆಯನ್ನು ಕಳಿಸುವ ಬದಲು ನೀನೇ ಬರಬಹುದಿತ್ತು.

ಬಕ್ಕೇಶ್

*

ಹರಿಹರ
23 ಜುಲೈ 2024

ಯಜಮಾನರಿಗೆ ಶರಣು.

ಬರಲಾಗಲಿಲ್ಲ. ಹೊರಟವಳೇ, ಬಾಗಿಲವರೆಗೂ ಬಂದಿದ್ದೆ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಆಕೆಗೆ ಜಾಗ ಕೊಟ್ಟದ್ದು ದೊಡ್ಡ ಮಾತು. ಆಕೆ ಬಡಿಸಿದ್ದನ್ನು ಈಗ ಪೂರ್ತಿ ಉಣ್ಣುತ್ತೀರಿ, ರಾತ್ರಿಯ ಮಾತ್ರೆ ತಪ್ಪಿಸುವುದಿಲ್ಲ ಎಂದು ಕೇಳಿ ಸಮಾಧಾನವಾಯಿತು.

ಒಂದು ಮಾತು ನಡೆಸಿಕೊಡಿ. ಡಾಕ್ಟರು ಹೇಳಿದ್ದೆಂದು ಸಿಟ್ಟಾಗಬೇಡಿ. ಮುಖ ಹೋಗುವ ದಾರಿ ಬೇರೆ, ದನಿ ಹೋಗುವ ದಾರಿ ಬೇರೆಯಂತೆ. ಪೇಪರ್ ಓದಲು ಆಕೆಗೆ ಹೇಳಿ. ನೀವು ಕಣ್ಣು ಮುಚ್ಚಿ ಕೂತು ಕೇಳಿ. ಒಂದೇ ಒಂದು ಸಲ.

ಈ ಪತ್ರವನ್ನು ಮಹಾಂತೇಶ ಹರಿಹರದ ಡಬ್ಬಿಗೆ ಹಾಕುತ್ತಾನೆ.

ನಿರ್ಮಲಾ

*

ದಾವಣಗೆರೆ
12 ಆಗಸ್ಟ್ 2024

ನಿರ್ಮಲಾ,

ನೀನು ಹೇಳಿದ ಹಾಗೆ ಮಾಡಿದೆ. ಯಾಕಾದರೂ ಮಾಡಿಸಿದೆಯೋ.

ನಿನ್ನೆ ಮಧ್ಯಾಹ್ನ ನಾನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೆ. ಅವರು ನೆಲದ ಮೇಲೆ ಕೂತು ಓದತೊಡಗಿದರು. ಭದ್ರಾ ಕಾಲುವೆಗೆ ನೀರು ಬಿಟ್ಟ ಸುದ್ದಿ. ಎರಡು ಸಾಲು ಓದುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತು. ನೀನು ಬಂದಿದ್ದೆ. ನನ್ನ ಕಾಲಬುಡದಲ್ಲೇ ಕೂತಿದ್ದೆ.

“ನಿರ್ಮಲಾ, ಎಲ್ಲಿ ಹೋಗಿದ್ದೆ ಇಷ್ಟ್ ದಿನ?” ಎಂದೆ.

“ಎಲ್ಲೂ ಹೋಗಿಲ್ರಿ, ಇಲ್ಲೇ ಅದೀನಿ. ಕಣ್ಣು ತೆಗೀಬ್ಯಾಡ್ರಿ” ಎಂದೆ ನೀನು.

ಕೈ ಚಾಚಿದೆ. ಸಿಕ್ಕ ಕೈ ನಿನ್ನದೇ. ಬೆರಳ ತುದಿಯ ಒರಟು ಕೂಡ ನಿನ್ನದೇ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಆದರೆ ನಿನ್ನನ್ನು ನೋಡದೆ ಎಷ್ಟು ಹೊತ್ತು ಇರಲಿ? ಕಣ್ಣು ಬಿಟ್ಟೆ. ನೀನಿರಲಿಲ್ಲ. ಅವರ ಕೈ ನನ್ನ ಕೈಯಲ್ಲಿತ್ತು. ನಾಚಿಕೆಯಿಂದ ಬಿಟ್ಟುಬಿಟ್ಟೆ.

ಇಷ್ಟು ದಿನ ಹೊಳೆಯದ ಒಂದು ವಿಚಾರ ಆಗ ಹೊಳೆಯಿತು. ಕಣ್ಣು ಮುಚ್ಚಿದರೆ ಬರುವವರು, ತೆರೆದರೆ ಇಲ್ಲವಾಗುವವರು ಯಾರು? ನಮ್ಮಪ್ಪ ತೀರಿಕೊಂಡ ಹೊಸತರಲ್ಲಿ ನನಗೆ ಹೀಗೇ ಆಗುತ್ತಿತ್ತು.

ನಿಜ ಹೇಳು. ಸ್ಕೂಟರಿನಲ್ಲಿ ನನ್ನ ಹಿಂದೆ ನೀನು ಕೂತಿದ್ದೆಯಾ?

ಬಕ್ಕೇಶ್

*

ಹರಿಹರ
17 ಆಗಸ್ಟ್ 2024

ನಾನು ಸತ್ತಿಲ್ಲ.

ಸ್ಕೂಟರಿನಲ್ಲಿ ನೀವೊಬ್ಬರೇ ಇದ್ದಿರಿ. ನಾನು ಮನೆಯಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ಫೋನ್ ಬಂದಾಗ ಅಶ್ಫಾಕನ ಬೈಕಿನಲ್ಲಿ ಆಸ್ಪತ್ರೆಗೆ ಬಂದೆ. ಹನ್ನೊಂದು ದಿನ ಆ ಐಸಿಯು ಬಾಗಿಲ ಬಳಿ ನೆಲದ ಮೇಲೆ ಮಲಗಿದೆ. ಎದ್ದರೆ ಸಾಕು ಎಂದು ಬೇಡಿಕೊಂಡೆ, ನನ್ನನ್ನು ಗುರುತಿಸಲಿ ಎಂದು ಬೇಡಲು ತೋಚಲೇ ಇಲ್ಲ.

ನಾನು ಬದುಕಿರುವುದಕ್ಕೆ ಏನು ಗುರುತು ಕೊಡಲಿ? ಸ್ನೇಹಾಳಿಗಿಂತ ಮುಂಚೆ ಹುಟ್ಟಿ ಒಂಬತ್ತು ದಿನಕ್ಕೆ ಹೋದ ನಮ್ಮ ಮಗು ಇದೆಯಲ್ಲ. ತೊಟ್ಟಿಲಿಗೇ ಹಾಕದವನಿಗೆ ಯಾವ ಹೆಸರು ಎಂದು ಎಲ್ಲರೂ ಅಂದರು. ಆಸ್ಪತ್ರೆಯಿಂದ ತರುವಾಗ ಆಟೋದಲ್ಲಿ ನೀವು ಅವನ ಕಿವಿಯಲ್ಲಿ ಅಲ್ಲಮ ಎಂದು ಕರೆದಿರಿ. ಅದನ್ನು ಕೇಳಿದವಳು ನಾನೊಬ್ಬಳೇ. ಸ್ನೇಹಾಳಿಗೂ ಹೇಳಿಲ್ಲ, ನಮ್ಮವ್ವನಿಗೂ ಹೇಳಿಲ್ಲ. ಈಗ ನಂಬುತ್ತೀರಾ?

ನಾನು ಬದುಕಿದ್ದೇನೆ. ದಿನಕ್ಕೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂಡಿ. ನನಗೆ ಅಷ್ಟೇ ಸಾಕು.

ನಿರ್ಮಲಾ

*

ದಾವಣಗೆರೆ
30 ಸೆಪ್ಟೆಂಬರ್ 2024

ನಿರ್ಮಲಾ,

ಉತ್ತರಿಸಲು ಆರು ವಾರ ಹಿಡಿಯಿತು. ನೀನು ಆ ಮಗುವಿನ ಹೆಸರು ಬರೆದೆಯಲ್ಲ, ಅಲ್ಲಿಗೆ ನನಗೆ ಖಾತ್ರಿಯಾಯಿತು. ನೀನು ಅವನ ಹತ್ತಿರ ಹೋಗಿದ್ದೀಯ.

ನನ್ನನ್ನು ಉಳಿಸಿಕೊಳ್ಳಲು ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ. ಯಾರ ಮೇಲೂ ಸಿಟ್ಟಿಲ್ಲ. ತೀರಿಕೊಂಡವರಿಗೆ ಮಾಡುವ ಗಣಾರಾಧನೆಯನ್ನು ನಿನಗೂ ಮಾಡಿ ನಾಲ್ಕು ಜನಕ್ಕೆ ಊಟ ಹಾಕೋಣವೆಂದು ಅಯ್ಯನವರನ್ನು ಕೇಳಿದೆ. ಅವರು ಸ್ನೇಹಾಳ ಮುಖ ನೋಡಿ, ಈಗ ಬೇಡ ಎಂದರು. ಕೊನೆಗೆ ನಾನೇ ನಿನ್ನ ಫೋಟೋಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದೆ. ಹೂವಿನ ಹಾರ ಕಟ್ಟಿಕೊಡುತ್ತೀರಾ ಎಂದು ಮನೆಯಲ್ಲಿರುವವರನ್ನು ಕೇಳಿದೆ. ಇಲ್ಲ ಎನ್ನಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೇವಂತಿಗೆ ಕಟ್ಟಿದರು. ಕೈ ಇನ್ನೂ ಪೂರ್ತಿ ಮಡಿಸಲು ಬರುವುದಿಲ್ಲ, ಆದರೂ ಕಟ್ಟಿದರು.

ಸ್ನೇಹಾ ಅಡ್ಡ ಬಂದಳು. “ಅಮ್ಮ ಇಲ್ಲೇ ನಿಂತಾಳಪ್ಪಾಜಿ, ಯಾಕ ಹಿಂಗ್ ಮಾಡ್ತಿ” ಎಂದಳು. ಅವಳನ್ನು ಅವರೇ ಸುಮ್ಮನಾಗಿಸಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸಂಜೆ ಸ್ನೇಹಾ ಬ್ಯಾಗು ತುಂಬಿಕೊಂಡು ಮಾವನ ಮನೆಗೆಂದು ಹರಿಹರಕ್ಕೆ ಹೋದಳು.

ಹಾರ ಹಾಕಿ ನಿನ್ನ ಫೋಟೋದ ಎದುರು ನಿಂತೆ. ಪಟದಲ್ಲಿ ಕೂಡ ನೀನು ಯಾರೋ ಎಂಬಂತೆ ಇದ್ದೆ.

ಇನ್ನು ನೆಮ್ಮದಿಯಾಗಿರು.

ಬಕ್ಕೇಶ್

*

ಹರಿಹರ
9 ಅಕ್ಟೋಬರ್ 2024

ಯಜಮಾನರಿಗೆ ಶರಣು.

ಪತ್ರ ತಲುಪಿತು. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿರ್ಮಲಾ

*

ದಾವಣಗೆರೆ
11 ಜನವರಿ 2025

ಮನೆಯಲ್ಲಿರುವವರಿಗೆ ಬಕ್ಕೇಶನ ನಮಸ್ಕಾರಗಳು.

ಮುಖ ನೋಡಿ ಮಾತಾಡಲು ನನಗೆ ಇನ್ನೂ ಕಷ್ಟ. ಅದಕ್ಕೆ ಈ ಚೀಟಿಯನ್ನು ಊಟದ ಮೇಜಿನ ಮೇಲೆ ಇಡುತ್ತಿದ್ದೇನೆ.

ನಿನ್ನೆ ಅಂಗಡಿಯಿಂದ ಬೇಗ ಬಂದೆ. ನೀವು ಅಡುಗೆಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದಿರಿ. ಬಾಗಿಲಲ್ಲಿ ನಿಂತು ನೋಡಿದೆ. ‘ಯಜಮಾನರಿಗೆ ಶರಣು’ ಎಂದಿತ್ತು. ಮೇಲೆ ಹರಿಹರ ಎಂದಿತ್ತು. ಎಲ್ಲ ಪತ್ರ ಬರೆದವರು ನೀವೇ. ಅವಳ ಕೈಬರಹ ಕಲಿಯಲು ಎಷ್ಟು ಕಷ್ಟಪಟ್ಟಿರೋ. ಆ ಮಗುವಿನ ಹೆಸರನ್ನು ಹೋಗುವ ಮೊದಲು ಅವಳೇ ನಿಮಗೆ ಹೇಳಿರಬೇಕು. ನನಗೆ ಸಿಟ್ಟಿಲ್ಲ. ಹೆಂಡತಿಯನ್ನು ಕಳೆದುಕೊಂಡವನಿಗೆ ಆಸರೆಯಾಗಲೆಂದು ಮಾಡಿದಿರಿ. ಆದರೆ ಇನ್ನು ಬರೆಯಬೇಡಿ. ಸತ್ತವಳ ಹೆಸರಿನಲ್ಲಿ ಬರೆಯುವುದು ನಿಮಗೂ ಒಳ್ಳೆಯದಲ್ಲ.

ನಿಮ್ಮ ಕೊರಳಿನ ತಾಳಿ ಅವಳದು. ನಾನು ಕಟ್ಟಿದ್ದು. ಬಿಚ್ಚಿ ಕೊಟ್ಟರೆ ಸ್ನೇಹಾಳ ಮದುವೆಗೆ ತೆಗೆದಿಡುತ್ತೇನೆ.

ನೀವು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಎಂಟು ತಿಂಗಳಿಂದ ನೀವು ಈ ಮನೆ ನಡೆಸಿದ್ದೀರಿ. ನಾನು ನಿಮ್ಮ ಕೈ ಮುರಿದೆ, ಆದರೂ ನನಗೆ ಬಿಸಿ ಅನ್ನ ಹಾಕಿದಿರಿ. ಇರಬೇಕೆನಿಸಿದರೆ ಇರಿ. ನಿಮ್ಮವರು ಯಾರಾದರೂ ನಿಮ್ಮ ದಾರಿ ಕಾಯುತ್ತಿದ್ದರೆ ಹೋಗಿ.

ಇಷ್ಟು ದಿನ ಒಂದು ಸಲವೂ ನಿಮ್ಮ ಹೆಸರು ಕೇಳಲಿಲ್ಲ. ಅದು ನನ್ನ ತಪ್ಪು. ದಯವಿಟ್ಟು ತಿಳಿಸಿ.

ಇತಿ,
ಬಕ್ಕೇಶ್

*

ದಾವಣಗೆರೆ
12 ಜನವರಿ 2025

ಬಕ್ಕೇಶ್ ಅವರಿಗೆ ನಮಸ್ಕಾರಗಳು.

ನಿಮ್ಮ ಚೀಟಿ ಓದಿದೆ. ಇನ್ನು ಅವರ ಹೆಸರಿನಲ್ಲಿ ಬರೆಯುವುದಿಲ್ಲ.

ತಾಳಿಯನ್ನು ಬಿಚ್ಚಿ ದೇವರ ಜಗುಲಿಯ ಮೇಲೆ, ಹಿತ್ತಾಳೆ ಬಟ್ಟಲಿನಲ್ಲಿ ಇಟ್ಟಿದ್ದೇನೆ.

ನನ್ನ ದಾರಿ ಕಾಯುವವರು ಬೇರೆ ಯಾರೂ ಇಲ್ಲ. ಇಲ್ಲೇ ಇರುತ್ತೇನೆ. ಶನಿವಾರ ಸ್ನೇಹಾ ಬರುತ್ತಾಳೆ. ಅವಳು ನನ್ನನ್ನು ಅಮ್ಮ ಎಂದರೆ ಗದರಬೇಡಿ, ಚಿಕ್ಕ ಹುಡುಗಿ.

ನನ್ನ ಹೆಸರೂ ನಿರ್ಮಲಾ. ಈ ಕಡೆ ಆ ಹೆಸರಿನವರು ಬಹಳ ಮಂದಿ ಇದ್ದಾರೆ. ಹಾಗೆ ಕರೆಯಲು ನಿಮಗೆ ಕಷ್ಟವಾದರೆ ಬೇರೆ ಯಾವುದಾದರೂ ಹೆಸರಿಡಿ. ಓಗೊಡುತ್ತೇನೆ.